ಕಬ್ಬಿಣದ ಬಸವಣ್ಣನ ಭಾರ

ಸೋಮವಾರ, ೧೭ ನವೆಂಬರ್ ೨೦೨೫
ನಾರಾಯಣಪೇಟೆ

ಲಿಂಗಣ್ಣನ ಮೇಲಿನ ಸಿಟ್ಟಿಗೆ ರಾತ್ರಿ ಊಟವೂ ಸೇರಲಿಲ್ಲ. ಅಣ್ಣನಾದರೇನು, ಬುದ್ಧಿ ಬೇಡವೇ?

ಹೋದ ವಾರ ಮಕ್ತಲ್‌ನ ರಸ್ತೆ ಉಬ್ಬಿಗೆ ನಮ್ಮ ಪಿಕಪ್ಪಿನ ಹೊಟ್ಟೆ ಬಡಿದು, ಆಯಿಲೆಲ್ಲ ರಸ್ತೆಗೆ ಹರಿಯಿತು. ಮುಂಭಾಗ ಅಷ್ಟು ಕುಸಿದಿತ್ತು. ಹೊಸ ಸ್ಪ್ರಿಂಗ್ ಸೆಟ್ ನಮ್ಮ ಕೈಗೆ ಎಟುಕುವುದಲ್ಲ. ಗದ್ವಾಲದ ಗುಜರಿಗಳನ್ನೆಲ್ಲ ಜಾಲಾಡಿ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ತಂದೆ. ಇವತ್ತು ಬೆಳಿಗ್ಗೆ ಮುಂದಿನ ಎರಡೂ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಕೂಡಿಸಿ, ಬೆನ್ನು ಮುರಿಯುವ ಹಾಗೆ ಬಿಗಿದೆ. ಗಾಡಿಯ ಮೂತಿ ನಾಲ್ಕು ಬೆರಳು ಮೇಲೆದ್ದಿತು! ಮಧ್ಯಾಹ್ನ ಖುಷಿಯಿಂದ ಉಂಡು ಮಲಗಿದೆ.

ಸಂಜೆ ಎದ್ದು ನೋಡಿದರೆ ಬಂಪರಿನ ಮೇಲಿದ್ದ ಸಣ್ಣ ಬಸವಣ್ಣನ ಮೂರ್ತಿ ಮಾಯ. ಆ ಜಾಗದಲ್ಲಿ ಇಬ್ಬರು ಸೇರಿ ಎತ್ತಬೇಕಾದಂಥ ಕಬ್ಬಿಣದ ಬಸವಣ್ಣ ಕೂತಿದ್ದಾನೆ.

"ಗಾಡಿ ಎತ್ತರ ಆತಲ್ಲೋ ವಿನಯ," ಎಂದ ಅಣ್ಣ, ಹಲ್ಲು ಕಿರಿಯುತ್ತ. "ಭಾರ ಹೊರಾಕ ಪಟ್ಟಿ ಹಾಕೀಯಲ್ಲ, ಅದಕ್ಕ ದೊಡ್ಡಾವನ್ನ ಕುಂದ್ರಿಸೀನಿ."

ಮೈಯೆಲ್ಲ ಉರಿಯಿತು. ಬೋಲ್ಟ್ ಬಿಚ್ಚಲು ಪಾನಾ ಹಿಡಿದು ಓಡಿದೆ. ಅಷ್ಟರಲ್ಲಿ ಅವ್ವ ವಿಭೂತಿ ಬಳಿದು ಕಾಯಿ ಒಡೆದಾಗಿತ್ತು.

"ಕಾರ್ತಿಕ ಸೋಮವಾರ ಪೂಜಿ ಆದ ದೇವರಿಗೆ ಪಾನಾ ಹಚ್ಚತೀಯೇನೋ?"

ಮುಗಿಯಿತು. ಬೆಳಿಗ್ಗೆ ಅಂಗಡಿಯಲ್ಲಿ ಕಬ್ಬಿಣ, ಸಂಜೆ ನಮ್ಮಂಗಳದಲ್ಲಿ ದೇವರು. ಇನ್ನು ಅದನ್ನು ಮುಟ್ಟುವ ಧೈರ್ಯ ಈ ಮನೆಯಲ್ಲಿ ಯಾರಿಗಿದೆ? ನನಗೂ ಇಲ್ಲ, ಅದೇ ಉರಿ.

ಗಾಡಿಯ ಮೂತಿ ಮತ್ತೆ ನೆಲ ಮೂಸುತ್ತಿದೆ. ಅವ್ವನಿಗೆ ಅದೂ ಸಂತೋಷ: "ನೋಡು, ಗಾಡೀನೂ ಬಗ್ಗಿ ಕೈ ಮುಗಿಯಾಕತ್ತೈತಿ."

ನಾಳೆ ಮಕ್ತಲ್‌ಗೆ ಬಾಡಿಗೆ ಇದೆ. ಆ ಉಬ್ಬಿಗೂ ಹೀಗೇ ಬಗ್ಗಿ ಕೈ ಮುಗಿದರೆ...