ಯಾರ ಗದ್ದೆಯ ಕದಿರು

ಸೆಪ್ಟೆಂಬರ್ 12, ಗುರುವಾರ. ಬೆಳಿಗ್ಗೆ

ಗಣಿತದ ಹೋಂವರ್ಕ್ ಎರಡು ಲೆಕ್ಕ ಬಾಕಿ. ಇರಲಿ. ಮೊದಲು ಇದು. ಇವತ್ತು ನಮ್ಮನೆ ಹೊಸ್ತು, ಹೊಸಕ್ಕಿ ಊಟ. ಭತ್ತದ ಕದಿರು ತಂದವಳು ನಾನು! ಪ್ರತಿ ವರ್ಷ ಅದು ಅಪ್ಪನ ಕೆಲಸ. ಅಪ್ಪ ಗೋವಾದ ಬೋಟಿನಲ್ಲಿ, ಚೌತಿಗೂ ಬರಲಿಲ್ಲ. ಅಮ್ಮನಿಗೆ ಸೊಂಟ ನೋವು. ಉಳಿದವಳು ನಾನು.

ಅಜ್ಜಿ ನಿನ್ನೆಯಿಂದ ನಿಯಮ ಹೇಳಿ ಹೇಳಿ ತಲೆ ತಿಂದಳು. ಸೂರ್ಯ ಹುಟ್ಟುವ ಮೊದಲು ಹೋಗಬೇಕು. ತಲೆಗೆ ಬಟ್ಟೆ ಹೊದ್ದಿರಬೇಕು. ದಾರಿಯಲ್ಲಿ ಮಾತಿಲ್ಲ. ನಮ್ಮ ಗದ್ದೆಯದು ಆಗುವುದಿಲ್ಲ, ಬೇರೆಯವರ ಗದ್ದೆಯಿಂದ ಒಂದು ಹಿಡಿ ಕದ್ದೇ ತರಬೇಕು. ತಂದವರು ಯಾರ ಗದ್ದೆಯೆಂದು ಹೇಳಬಾರದು. ಗದ್ದೆಯವರು ಯಾರು ಕೊಯ್ದರೆಂದು ಕೇಳಬಾರದು. ಹೇಳಿದರೆ ಮನೆಗೆ ಕೇಡಂತೆ. ಊರಿಗೆ ಊರೇ ಒಂದು ದಿನ ಕಳ್ಳರು, ಮರುದಿನ ಸಂಭಾವಿತರು.

ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಯೂನಿಫಾರ್ಮಿನ ನೀಲಿ ವೇಲು. ಅದನ್ನೇ ಹೊದ್ದುಕೊಂಡು, ಕುಡುಗೋಲು ಹಿಡಿದು, ಕ್ರಾಸ್ ದಾಟಿ ಹೋಗಿ ಬಂದೆ. ಒಂದು ನಾಯಿಯೂ ಬೊಗಳಲಿಲ್ಲ. ಬಾಗಿಲಿಗೆ, ತುಳಸಿಗೆ, ನನ್ನ ಸೈಕಲ್ಲಿಗೂ ಕದಿರು ಕಟ್ಟಿದೆ. ಗದ್ದೆ ಯಾರದೆಂದು ಇಲ್ಲಿ ಬರೆಯುವುದಿಲ್ಲ. ಡೈರಿಯಾದರೂ ಅಷ್ಟೇ.

ಸೆ. 13, ಶುಕ್ರವಾರ. ಸಂಜೆ

ಶಾಲೆಗೆ ಪೊಲೀಸರು ಬಂದಿದ್ದರು. ಮೂರನೇ ಪೀರಿಯಡ್. ಕ್ರಾಸಿನಲ್ಲಿ ಗಣೇಶೋತ್ಸವದ ಫ್ಲೆಕ್ಸ್ ಇದೆಯಲ್ಲ, ಕೈಮುಗಿದವರ ಫೋಟೋಗಳದ್ದು — ಅದನ್ನು ನಿನ್ನೆ ಬೆಳಗಿನ ಜಾವ ಯಾರೋ ಅಡ್ಡಕ್ಕೆ ಸೀಳಿದ್ದಾರಂತೆ. ಗಾಳಿಗೆ ಹರಿದಿದ್ದರೂ ಹರಿದಿರಬಹುದು. ಆದರೆ ಗಾಳಿಯನ್ನು ಸ್ಟಾಫ್ ರೂಮಿಗೆ ಕರೆಸಲು ಆಗುವುದಿಲ್ಲವಲ್ಲ. ಬೇಕರಿಯ ಸಿಸಿಟಿವಿಯಲ್ಲಿ ಒಬ್ಬಳು ಹುಡುಗಿ. ಮುಖ ಕಾಣುವುದಿಲ್ಲ. ತಲೆಯ ಮೇಲೆ ನಮ್ಮ ಶಾಲೆಯ ವೇಲು. ಕೈಯಲ್ಲಿ ಏನೋ ಹೊಳೆಯುತ್ತಿದೆ.

ನಾನು! ಅದು ನಾನು.

ಹತ್ತನೇ ಕ್ಲಾಸಿನ ಹುಡುಗಿಯರೆಲ್ಲ ತಲೆಗೆ ವೇಲು ಹೊದ್ದು ಒಬ್ಬೊಬ್ಬರಾಗಿ ಜಗುಲಿಯ ಮೇಲೆ ನಡೆಯಬೇಕಿತ್ತು. ಎಸ್ಸೈ ಒಮ್ಮೆ ಮೊಬೈಲ್ ನೋಡುತ್ತಿದ್ದರು, ಒಮ್ಮೆ ನಮ್ಮನ್ನು. ದನ ಕೊಳ್ಳುವವರು ಹೀಗೇ ನಡೆಸಿ ನೋಡುತ್ತಾರೆ. ಬಾಯಿ ಬಿಟ್ಟವರು ನಮ್ಮ ಕ್ಲಾಸ್ ಟೀಚರ್ ಸಂಗೀತಾ ಮೇಡಂ ಒಬ್ಬರೇ.

“ಸರ್, ಮಕ್ಳನ್ನ ಹೀಂಗೆ ಖಾಕಿ ಹಾಕ್ಕಂಡು ಬಂದು ಕೇಳೂ ಹಾಂಗಿಲ್ಲ. ಅವ್ರ ಅಪ್ಪ-ಅಮ್ಮ ಆದ್ರೂ ಇರ್ಬೇಕು.”

“ಸುಮ್ನಿರಿ ಮೇಡಂ” ಎಂದರು ಹೆಡ್‌ಮಾಸ್ತರು, ನೆಲ ನೋಡಿಕೊಂಡು.

ನಾನೂ ನಡೆದೆ. “ನೆಕ್ಸ್ಟ್” ಎಂದರು. ನಬೀಲಾ ನಡೆಯುವ ಅಗತ್ಯವೇ ಬೀಳಲಿಲ್ಲ. ಅವಳು ದಿನಾ ವೇಲನ್ನು ತಲೆಯ ಮೇಲೆ ಹೊದ್ದೇ ಬರುವವಳು. ಕ್ಲಾಸಿನಲ್ಲಿ ಹಾಗೆ ಬರುವವಳು ಅವಳೊಬ್ಬಳೇ. ಐದನೇ ಕ್ಲಾಸಿನಿಂದ ನನ್ನ ಬೆಂಚಿನವಳು. ಅವಳನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡರು. ಶಾಲೆ ಬಿಟ್ಟರೂ ಬಿಡಲಿಲ್ಲ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಬಾಗಿಲು ಹಾಕಿದಳು.

“ಹೇಳ್ಬೇಡ ಮಗಾ. ನಿನ್ನ ಅಪ್ಪ ನೀರ ಮೇಲೆ ಇದ್ದ. ಹೊಸ್ತಿನ ಕದ್ರು ಯಾರ ಗದ್ದೆದು ಅಂತ ಬಾಯಿ ಬಿಡೂಕಾಗ.”

“ಹಂಗಾರೆ ನಬೀಲಾ?”

“ಅದು ಎಂತದೂ ಮಾಡ್ಲಿಲ್ವಲೆ. ಬಿಡ್ತ್ರು.”

ಮಾಡದವರನ್ನು ಬಿಡುತ್ತಾರೆ ಎಂದು ಅಜ್ಜಿಗೆ ಎಷ್ಟು ಧೈರ್ಯ. ನನಗೆ ಕೇಡು-ಗೀಡು ಎಂದರೆ ನಗು ಬರುತ್ತಿತ್ತು. ಆದರೆ ಅಪ್ಪ ನೀರಿನ ಮೇಲೆ ಎಂದ ಕೂಡಲೇ ಬಾಯಿ ಕಟ್ಟಿಹೋಯಿತು...

ಸೆ. 14, ಶನಿವಾರ

ನಬೀಲಾಳನ್ನು ಮತ್ತೆ ಕರೆದರು. ಅವಳ ಅಬ್ಬಾ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಗೇಟಿನ ಹೊರಗೆ ರಿಕ್ಷಾ ನಿಲ್ಲಿಸಿಕೊಂಡು ಕಾದರು. ಒಳಗೆ ಬಿಡಲಿಲ್ಲ.

“ಎಂತ ಕೇಳಿದ್ರು?” ಎಂದೆ.

“ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೆ, ಮನಿಗೆ ಯಾರ್ಯಾರು ಬರ್ತಾರೆ, ಮೊಬೈಲಲ್ಲಿ ಎಂತ ನೋಡ್ತೆ... ಫ್ಲೆಕ್ಸಿಂದು ಕೇಳಿದ್ದು ಕಡೆಗೆ. ನಾ ಅದ್ನ ಸರಿ ನೋಡ್ಲೂ ಇಲ್ಲ ಮಾರಾಯ್ತಿ.”

ಟಿಫಿನ್ ತೆಗೆದು ಯಾವಾಗಿನಂತೆ ಅರ್ಧ ನನಗೆ ಕೊಟ್ಟಳು. ತಿಂದೆ. ಹೇಗೆ ತಿಂದೆ ನಾನು? ಥೂ.

ಸೆ. 17, ಮಂಗಳವಾರ

ಎರಡು ದಿನ ಬರೆಯಲಿಲ್ಲ. ನಿನ್ನೆ ಈದ್ ಮಿಲಾದ್ ರಜೆ. ಪ್ರತಿ ವರ್ಷ ನಬೀಲಾ ಮನೆಯಿಂದ ಸಿಹಿ ಬರುತ್ತಿತ್ತು. ಈ ಸಲ ಇಲ್ಲ. ಸಂಜೆಯವರೆಗೂ ದಾರಿ ನೋಡಿದೆ. ಬಂದಿದ್ದರೆ ಬಹುಶಃ ಇನ್ನೂ ಸುಮ್ಮನಿರುತ್ತಿದ್ದೆ.

ಇವತ್ತು ಪೊಲೀಸರು ಮತ್ತೆ ಶಾಲೆಗೆ ಬಂದಾಗ ಹೇಳಿಬಿಟ್ಟೆ. ಸಂಗೀತಾ ಮೇಡಂ ಪಕ್ಕದಲ್ಲೇ ನಿಂತಿದ್ದರು. “ಸರ್, ವಿಡಿಯೋದಲ್ಲಿರುವುದು ನಾನು. ಫ್ಲೆಕ್ಸ್ ಮುಟ್ಟಿಲ್ಲ. ಕದಿರು ಕದಿಯಲು ಹೋಗಿದ್ದೆ.”

ಎಸ್ಸೈ ಈ ಕಡೆಯವರಲ್ಲ, ಘಟ್ಟದ ಮೇಲಿನವರು. “ಏನಮ್ಮಾ, ಕದ್ದಿದ್ದೀನಿ ಅಂತ ನೀನೇ ಹೇಳ್ತಿದ್ದೀಯಲ್ಲ! ಹಬ್ಬಕ್ಕೆ ಯಾರಾದ್ರೂ ಕದೀತಾರಾ?”

ಜೊತೆಗಿದ್ದ ಲೇಡಿ ಪೊಲೀಸ್, ಹೆಸರು ರೂಪಾ, ಮೆಲ್ಲಗೆ ಅಂದರು. “ಹೌದು ಸರ್. ನಮ್ಮೂರು ಕಾಗಾಲದಲ್ಲೂ ಹಾಂಗೇ.”

“ಯಾರ ಗದ್ದೆ?”

ಹೇಳಿದೆ. ಜಟ್ಟಿ ಮಾವನದು. ನಮ್ಮ ಮನೆಯ ಹಿಂದಿನ ಕೇರಿಯವರು, ಅಜ್ಜಿಯನ್ನು ಅತ್ತೆ ಎಂದು ಕರೆಯುವವರು. “ಸರಿ, ಅವರನ್ನ ಕೇಳ್ತೀವಿ” ಎಂದರು ಎಸ್ಸೈ.

ಜೀವ ಹಗುರಾಯಿತು. ನಬೀಲಾಳಿಗೆ ಹೇಳಿದೆ. ಬೆನ್ನಿಗೆ ಒಂದು ಗುದ್ದಿದಳು. “ಇಷ್ಟ್ ದಿನ ಎಂತ ಮಾಡ್ತಿದ್ದೆ ವೀಣಾ?” ಎಂದು ಅತ್ತಳು. ಆಮೇಲೆ ಇಬ್ಬರೂ ಅತ್ತೆವು. ಅಜ್ಜಿ ಮಾತು ಬಿಟ್ಟಿದ್ದಾಳೆ, ಬಿಡಲಿ. ಅಪ್ಪನಿಗೆ ಫೋನ್ ಮಾಡಿದೆ. ಚೆನ್ನಾಗಿದ್ದಾರೆ.

ಸೆ. 18, ಬುಧವಾರ. ಸಂಜೆ

ಜಟ್ಟಿ ಮಾವ ಬಂದರು. ಕೈಯಲ್ಲಿ ಎರಡು ಮೊಗೆಕಾಯಿ, ಮುಖದ ತುಂಬ ನಗು.

“ನಾಗತ್ತೆ, ಪೊಲೀಸ್ರು ಬಂದಿದ್ರು. ನಿಮ್ಮನೆ ಕೂಸು ನನ್ನ ಗದ್ದೆಲಿ ಕದ್ರು ಕದ್ದದ್ದು ಹೌದಾ ಅಂತ ಕೇಳ್ದ್ರು. ನಾ ಬಿಡ್ತ್ನಾ? ಒಂದ್ ಕದ್ರೂ ಹೋಗ್ಲಿಲ್ಲ, ಆ ಕೂಸು ನನ್ನ ಗದ್ದೆ ಬದಿಗೇ ಬರ್ಲಿಲ್ಲ ಅಂದೆ. ಸೈನೂ ಹಾಕ್ದೆ. ಹೆಣ್ ಕೂಸಿನ ಮೇಲೆ ಕಳ್ಳತನ ಹೊರ್ಸೂಕೆ ಬಂದವ್ರೆ!”

ಅಜ್ಜಿ ಕೈ ಮುಗಿದಳು. ಅಮ್ಮ ಚಾ ಇಟ್ಟಳು. ನಾನು ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟೆ. ಕೊಯ್ದ ಗುರುತು ಅವರ ಗದ್ದೆಯಲ್ಲಿ ಈಗಲೂ ಇದೆ. ಅವರು ನೋಡಿಯೂ ಇದ್ದಾರೆ. ಹೊಸ್ತಿನ ಕದಿರು ಹೋಯಿತು ಎಂದು ಗದ್ದೆಯವನು ಹೇಳಬಾರದು ನೋಡಿ, ಹೇಳಲಿಲ್ಲ. ಒಳ್ಳೆಯವರು. ಇಷ್ಟು ಒಳ್ಳೆಯವರು ಯಾಕೆ ಇರಬೇಕು?

“ಮಾವಾ, ಹೌದು ಅಂತ ಹೇಳ್ಬೇಕಿತ್ತು” ಎಂದೆ. ವಿಷಯ ತಿಳಿಸಿದೆ. ಚಾ ಕುಡಿಯದೆ ಎದ್ದರು. ನಾಳೆ ಬೆಳಿಗ್ಗೆಯೇ ಹೋಗಿ ತಿದ್ದಿಸಿ ಬರುತ್ತಾರಂತೆ.

ಸೆ. 19, ಗುರುವಾರ

ತಿದ್ದಲು ಅದು ಗಣಿತದ ಲೆಕ್ಕವಲ್ಲ.

“ನಿನ್ನೆ ಇಲ್ಲ ಅಂದೆ, ಇವತ್ತು ಹೌದು ಅಂತೀಯ. ಯಾರು ಹೆದರಿಸಿದ್ರು?” ಎಂದರಂತೆ ಮಾವನಿಗೆ. ಯಾರೂ ಇಲ್ಲ ಎಂದರೆ ಕೇಳಲಿಲ್ಲ. ಹೋದ ತಿಂಗಳು ಮಾವನ ಗೊಬ್ಬರದ ಚೀಲ ಬಂದದ್ದು ನಬೀಲಾಳ ಅಬ್ಬಾನ ರಿಕ್ಷಾದಲ್ಲಿ. ಅದನ್ನೂ ಹುಡುಕಿ ತೆಗೆದರು. ಅಬ್ಬಾನೇ ಮಾವನಿಗೆ ಹೀಗೆ ಹೇಳೆಂದು ಹೇಳಿಕೊಟ್ಟದ್ದಂತೆ. ಮಧ್ಯಾಹ್ನ ಅಬ್ಬಾನನ್ನು ಠಾಣೆಗೆ ಕರೆದುಕೊಂಡು ಹೋದರು. ಇನ್ನೂ ಬಿಟ್ಟಿಲ್ಲ.

ನಾನೀಗ ಸುಳ್ಳುಗಾತಿ. ಫ್ರೆಂಡನ್ನು ಉಳಿಸಲು ಕಥೆ ಕಟ್ಟಿದವಳು. ಎಸ್ಸೈ ಸಿಟ್ಟಾಗಲೂ ಇಲ್ಲ. “ಚಿಕ್ಕವಳು ನೀನು, ಪರೀಕ್ಷೆ ಇದೆ. ಸುಳ್ಳು ಹೇಳ್ದೆ ಅಂತ ಒಂದು ಮಾತು ಹೇಳು, ಮನೆಗೆ ಹೋಗು.” ಅಮ್ಮನೂ ಅದನ್ನೇ ಹೇಳುತ್ತಿದ್ದಾಳೆ. “ಹೇಳ್ಬಿಡೆ. ಅಪ್ಪನೂ ಊರಲ್ಲಿಲ್ಲ. ನಿಂಗೆ ಬೇರೆಯವ್ರ ಉಸಾಬರಿ ಎಂತಕ್ಕೆ?” ಅಜ್ಜಿ ಬಾಗಿಲಿನ ಕದಿರಿನ ಕೆಳಗೆ ಕುಳಿತಿದ್ದಾಳೆ, ಊಟಕ್ಕೂ ಏಳಲಿಲ್ಲ.

ಸುಮ್ಮನಿದ್ದರೆ ನಬೀಲಾ. ನಿಜ ಹೇಳಿದರೆ ಅವಳ ಅಬ್ಬಾನೂ. ನಾನು ಮೊದಲ ದಿನವೇ ಹೇಳಿದ್ದರೆ? ಮಾವನನ್ನು ಮೊದಲೇ ಕಂಡು ಹೇಳಿದ್ದರೆ? ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಸೆ. 20, ಶುಕ್ರವಾರ. ಶಾಲೆ. ರಫ್ ನೋಟಿನ ಹಿಂದೆ

ಪ್ರೇಯರ್ ಆಗುವ ಮೊದಲೇ ನಬೀಲಾ ನನ್ನನ್ನು ನೀರಿನ ಟ್ಯಾಂಕಿನ ಹತ್ತಿರ ಕರೆದಳು. ರಾತ್ರಿ ಮಲಗಿರಲಿಲ್ಲ, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

“ನಾನೇ ಅಂತ ಹೇಳ್ತೆ. ಅಬ್ಬಾನ್ನ ಬಿಡ್ತಾರಂತೆ.”

“ನಿಂಗೆ ಹುಚ್ಚಾ? ನೀ ಅಲ್ಲಿ ಇರ್ಲೇ ಇಲ್ಲ!”

“ನೀ ಇದ್ದೆ ಅಂದ್ರೂ ಯಾರು ಕೇಳಿದ್ರು?”

ಸಂಗೀತಾ ಮೇಡಂಗೆ ಹೇಳೋಣವೆಂದರೆ ಅವರನ್ನು ಟ್ರೇನಿಂಗ್ ಎಂದು ಕುಮಟೆಗೆ ಕಳಿಸಿದ್ದಾರೆ. ಜೀಪು ಬಂತು. ಅವಳ ಕೈ ಹಿಡಿದೆ. ಬಿಡಿಸಿಕೊಂಡು ಹೋದಳು. ಸ್ಟಾಫ್ ರೂಮಿನ ಬಾಗಿಲು ಹಾಕಿದರು. ನಾನು ಹೊರಗಿನ ಬೆಂಚಿನ ಮೇಲೆ. ಬರೆಯದಿದ್ದರೆ ಕಿರುಚುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕಿಟಕಿಯಿಂದ ಎಲ್ಲ ಕೇಳುತ್ತಿದೆ. ಅವಳಿಗೆ ಉತ್ತರ ಗೊತ್ತಿಲ್ಲ. ಅವರೇ ಹೇಳಿಕೊಡುತ್ತಿದ್ದಾರೆ.

“ಎಡಗಡೆಯಿಂದ ಸೀಳಿದ್ದಾ?”

“ಹೌದು.”

“ಬ್ಲೇಡಿಂದಾನಾ?”

“ಹೌದು.”

“ಆ ವೀಣಾ ಜೊತೆಗಿದ್ಳಾ?”

ಕಿಟಕಿಯ ಹತ್ತಿರಕ್ಕೆ ಸರಿದೆ.

“ಇಲ್ಲ ಸರ್. ವೀಣಾ ಗದ್ದೆಲಿ ಇದ್ಲು. ಹೊಸ್ತಿಗೆ ಕದಿರು ಕೊಯ್ಯೂಕೆ ಹೋಗಿದ್ಲು. ಜಟ್ಟಿ ಮಾವನ ಗದ್ದೆ.”

“ಬರ್ಕೊಳ್ರಿ” ಎಂದರು ಎಸ್ಸೈ. ಬರೆದುಕೊಂಡರು. ಈಗ ನಂಬಿದರು.

ಇಲ್ಲ. ನಾನು ಒಳಗೆ ಹೋಗುತ್ತೇನೆ. ಕರೆದಿಲ್ಲ, ಆದರೂ ಹೋಗು—