ಬಾಬಿನ್ ಮತ್ತು ಏಳು ಟೈಲ್ಸ್ ದೂರ

ಜೂನ್ 4, ಬೆಳಿಗ್ಗೆ

ಆರು ಶಾಲಾ ಯೂನಿಫಾರಂ, ಎರಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ನರ್ಸಮ್ಮನ ಬಿಳಿ ಕೋಟಿಗೆ ಜೇಬು. ಬಾಬಿನ್ ಮತ್ತೆ ಕಟಿಂಗ್ ಟೇಬಲ್ ಕೆಳಗೆ.

ನಾಯಿಮರಿ ಬಂದು ಹನ್ನೊಂದು ದಿನ. ಮಾರ್ಕೆಟ್ ಹಿಂದೆ ರಟ್ಟಿನ ಡಬ್ಬಿಯಲ್ಲಿ ಸಿಕ್ಕಿದ್ದು. ಬಂದವನೇ ದಾರದ ಬುಟ್ಟಿಗೆ ನುಗ್ಗಿ ಬಾಬಿನ್‌ಗಳ ಮೇಲೆ ಮಲಗಿದ, ಹೆಸರು ಹಾಗೇ ಅಂಟಿಕೊಂಡಿತು. ನಮ್ಮ ಮೂವರಿಗೆ ಒಗ್ಗಿದ್ದಾನೆ—ನನಗೆ, ಇವರಿಗೆ, ಮಾವನಿಗೆ. ಹೊರಗಿನವರು ಬಂದರೆ ಮಾತ್ರ ಜೀವ ಬಾಯಿಗೆ. ಇವತ್ತು ಕೊರಿಯರ್‌ನವನು ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದ. ಬಾಬಿನ್‌ದು ನಿಂತಲ್ಲೇ ಉಚ್ಚೆ. ಯೂನಿಫಾರಂ ಗಂಟಿನ ಪಕ್ಕದಲ್ಲೇ.

ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಹೊರಗಿನವರು ಬರದೆ ನಡೆಯುವುದು ಹೇಗೆ?

ಜೂನ್ 7, ಮಧ್ಯಾಹ್ನ

ತಪ್ಪು ನನ್ನದೇ.

ಬ್ಯಾಂಕ್ ಮೇಡಂ ಕೋಟಿನ ಅಳತೆ ಕೊಡಲು ಬಂದಿದ್ದರು. "ಅಯ್ಯೋ ಪುಟ್ಟಾ, ಬಾ ಇಲ್ಲಿ," ಅಂದರು. ಒಂದು ಸಲ ಯಾರಾದರೂ ಮುದ್ದು ಮಾಡಿಬಿಟ್ಟರೆ ಭಯ ಬಿಟ್ಟುಹೋಗುತ್ತದೆ ಅಂತ ನನ್ನ ಲೆಕ್ಕ. ಟೇಬಲ್ ಕೆಳಗಿನಿಂದ ಎಳೆದೆ. ಎತ್ತಿ ಅವರ ಮುಂದೆ ಹಿಡಿದೆ. ಮರಿಯ ಎದೆ ನನ್ನ ಅಂಗೈಯಲ್ಲಿ ಡವಡವ ಅನ್ನುತ್ತಿತ್ತು. ಗೊತ್ತಾಯಿತು, ಆದರೂ ಬಿಡಲಿಲ್ಲ. ಮೇಡಂ ಅದರ ತಲೆ ಮೇಲೆ ಕೈ ಇಟ್ಟರು...

ಹೆಬ್ಬೆರಳು. ಎರಡು ಹಲ್ಲಿನ ಗುರುತು. ರಕ್ತ.

ಮಾವ ಮೇಡಂ ಬೆರಳನ್ನು ನಲ್ಲಿ ಕೆಳಗೆ ಹಿಡಿಸಿ, ಸೋಪು ಹಾಕಿಸಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಸಿದರು. ಆಮೇಲೆ ಟ್ಯಾಕ್ಸಿ ಹತ್ತಿಸಿ ಇಂಜೆಕ್ಷನ್‌ಗೆ ಕರೆದುಕೊಂಡು ಹೋದರು. ಅಳತೆ ಟೇಪು ಇನ್ನೂ ನೆಲದ ಮೇಲೇ ಬಿದ್ದಿದೆ.

ಜೂನ್ 7, ಸಂಜೆ

ಸುದ್ದಿ ಮೇಲಿನ ಮಹಡಿಗೆ ಹೋಗಿದೆ. ಮನೆ ಓನರ್ ಬಾಗಿಲಲ್ಲೇ ನಿಂತು, "ಇನ್ನೊಂದ್ ಸಲ ಹೀಗಾದ್ರೆ ನಾಯಿ ಇಲ್ಲಿರಲ್ಲ, ನೋಡ್ಕೊಳ್ಳಿ," ಅಂದರು.

ಇವರು ತಟ್ಟೆ ಮುಂದೆ ಕೂತು, "ಯಾರಿಗಾದ್ರೂ ಕೊಟ್ಬಿಡೋಣ ಕಣೆ. ಅದಕ್ಕೂ ಹಿಂಸೆ, ನಮಗೂ ಹಿಂಸೆ," ಅಂದರು. ನನಗೆ ಅಳು ಬಂತು.

ಮಾವ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು. ಮೀನಖಂಡದ ಮೇಲೆ ಮೂರು ಹಳೆಯ ಗಾಯದ ಗುರುತು. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವರು ಅವರು.

"ಈ ಮೂರೂ ಯಾವಾಗ ಕಚ್ಚಿದ್ದು ಗೊತ್ತಾ? ಮನೆಯವ್ರು 'ಹಿಡ್ಕೊಂಡಿದೀವಿ, ಏನೂ ಮಾಡಲ್ಲ, ಬನ್ನಿ' ಅಂದಾಗ. ಬಿಟ್ಟಿರೋ ನಾಯಿ ಬೊಗಳ್ತಾ ದೂರ ಹೋಗ್ತಿತ್ತು. ಹಿಡ್ಕೊಂಡಿರೋ ನಾಯಿ ಎಲ್ಲಿಗಪ್ಪಾ ಹೋಗ್ಬೇಕು?"

ಆಮೇಲೆ ನನ್ನ ಕಡೆ ತಿರುಗಿದರು. "ನೀನು ಬೇಕೂಂತ ಮಾಡ್ಲಿಲ್ಲಮ್ಮ. ಅವಸರ ಮಾಡ್ದೆ, ಅಷ್ಟೆ. ಒಂದು ತಿಂಗಳು ನನಗೆ ಬಿಡಿ."

ಬೈದಿದ್ದರೆ ಚೆನ್ನಾಗಿತ್ತು.

ಜೂನ್ 8

ಮಾವ ಟೇಬಲ್ ಸುತ್ತ ಹಳೆ ಪರದೆ ಇಳಿಬಿಟ್ಟು ಒಂದು ಗೂಡು ಮಾಡಿದ್ದಾರೆ. "ಇದು ಅವನ ಮನೆ. ಇಲ್ಲಿಂದ ಯಾರೂ ಎಳೀಬಾರ್ದು. ಮುಖ್ಯವಾಗಿ ನೀನು." ಬಾಗಿಲ ಬಳಿ ಸ್ಟೂಲು. ಬಾಗಿಲಿಗೆ ಚೀಟಿ, ದುಂಡು ಅಕ್ಷರದಲ್ಲಿ: ಮರಿ ಇದೆ. ಕರೆಯಬೇಡಿ, ದಿಟ್ಟಿಸಬೇಡಿ, ಮುಟ್ಟಬೇಡಿ. ಕೂತುಕೊಳ್ಳಿ.

ಬಂದವರಿಗೆ ಬೇಯಿಸಿದ ಕೋಳಿಯ ನಾಲ್ಕು ಚೂರು ಕೊಡುತ್ತಾರೆ. ಅದನ್ನು ಮರಿಗೆ ಕೈಯಿಂದ ತಿನ್ನಿಸುವ ಹಾಗಿಲ್ಲ. ಅದರ ಹಿಂದಕ್ಕೆ ಎಸೆಯಬೇಕು.

"ಕೈಯಿಂದ ಯಾಕೆ ಕೊಡ್ಬಾರ್ದು ಮಾವ?"

"ಆಸೆಗೆ ಹತ್ರ ಬರ್ತಾನೆ. ತಿಂದಾದ್ಮೇಲೆ 'ಅಯ್ಯೋ, ಎಲ್ಲಿಗ್ ಬಂದ್ಬಿಟ್ಟೆ' ಅಂತ ದಿಗಿಲು ಬೀಳ್ತಾನೆ. ಹಿಂದಕ್ಕೆ ಎಸೆದ್ರೆ, ದೂರ ಹೋಗಿದ್ದಕ್ಕೂ ತಿಂಡಿ ಸಿಕ್ತು ಅಲ್ವಾ? ಆಮೇಲೆ ಬೇಕಿದ್ರೆ ಅವನೇ ಬರ್ತಾನೆ."

ಮೂವತ್ತೊಂದು ವರ್ಷ ಎಲ್ಲರ ಮನೆಗೂ ಹೊರಗಿನವರಾಗಿ ಹೋದವರು. ಹೊರಗಿನವರು ಹೇಗಿರಬೇಕು ಅಂತ ಮಾವನಿಗಿಂತ ಯಾರಿಗೆ ಗೊತ್ತು!

ಜೂನ್ 12

ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ದಿನಾ ಹತ್ತು ನಿಮಿಷ ಕೂರುತ್ತಾರೆ. "ನನ್ನ ಕಾಲಿಗೂ ರೆಸ್ಟು ಬಿಡಿ," ಅನ್ನುತ್ತಾರೆ. ಇವತ್ತು ಪರದೆಯಿಂದ ಮೂಗು ಹೊರಗೆ ಬಂತು. ಮಾವ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು—ಸ್ಟೂಲಿಗೂ ಮೂಗಿಗೂ ಏಳು ಟೈಲ್ಸ್. ಮೀಟರ್ ಓದಿದ ಚಾಳಿ.

ಜೂನ್ 13

ಏಳು.

ಜೂನ್ 14

ಏಳು.

ಜೂನ್ 16

ಐದು!

ಜೂನ್ 17

ಯಾರೋ ಒಳಗೆ ಬಂದು ಛತ್ರಿ ಫಟ್ ಅಂತ ಬಿಚ್ಚಿ ಒದರಿದರು. ಒಂಬತ್ತು. ನನಗೆ ಹೊಟ್ಟೆ ಉರಿಯಿತು. ಮಾವ ಮಾತ್ರ ತಣ್ಣಗೆ, "ಹಿಂದಕ್ಕೆ ಹೋದ್ರೆ ಹೋಗ್ಲಿ. ಹಿಂದಕ್ಕೆ ಓಡ್ದೆ ಇರೋದು ಮೀಟರ್ ಒಂದೇ," ಅಂತ ನಕ್ಕು ಒಂಬತ್ತು ಅಂತಲೇ ಬರೆದರು. ಸುಳ್ಳು ಬರೆಯುವ ಜಾಯಮಾನವೇ ಅಲ್ಲ.

ಜೂನ್ 25

ಬಿಡುವಿಲ್ಲ. ಶಾಲೆಯ ಆರ್ಡರು. ಬಟನ್ ಹಾಕುತ್ತಾ ಮಾವನನ್ನೇ ನೋಡುತ್ತಿದ್ದೆ. ಮರಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಪೇಪರ್ ಓದುತ್ತಿದ್ದರು. ಆ ಬೆನ್ನು ನನಗೂ ಗೊತ್ತು.

ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ. ಬಂದ ನೆಂಟರೆಲ್ಲ "ಯಾಕಮ್ಮ, ಮೂಗೀನಾ?" ಅಂತ ಕೆಣಕುತ್ತಿದ್ದರು. ಮಾವ ಒಂದು ದಿನವೂ ಕೇಳಲಿಲ್ಲ. ಅಡುಗೆಮನೆಗೆ ಬೆನ್ನು ಮಾಡಿ ಕೂತು, ರೇಡಿಯೋ ಸಣ್ಣಗೆ ಹಾಕಿ ಪೇಪರ್ ಓದುತ್ತಿದ್ದರು. ಒಂದು ದಿನ ನಾನಾಗಿಯೇ ಹೊರಗೆ ಬಂದು, "ಮಾವ, ಕಾಫಿ ಕೊಡ್ಲಾ?" ಅಂದೆ.

ಇವತ್ತು ಕೇಳಿದೆ: "ನಾನು ಮಾತಾಡೋಕೆ ಹತ್ತೊಂಬತ್ತು ದಿನ ಹಿಡೀತು, ಅಲ್ವಾ ಮಾವ?"

"ಇಪ್ಪತ್ತೆರಡು," ಅಂದರು. ಪೇಪರಿನಿಂದ ತಲೆ ಎತ್ತಲಿಲ್ಲ.

ಜೂನ್ 26

ಆ ಇಪ್ಪತ್ತೆರಡು ತಲೆಯಿಂದ ಹೋಗುತ್ತಿಲ್ಲ.

ಜುಲೈ 3

ಕೊರಿಯರ್‌ನವನು ಹೆಲ್ಮೆಟ್ಟನ್ನು ಹೊರಗೇ ಬಿಟ್ಟು ಬಂದು, ಪರೀಕ್ಷೆಗೆ ಕೂತವನ ಹಾಗೆ ಸ್ಟೂಲಿನ ಮೇಲೆ ಕೂತ. ಚೂರು ಎಸೆದ. ಬಾಬಿನ್ ಹೋಗಿ ತಿಂದ, ತಿರುಗಿ ಬಂದ. ಮತ್ತೆ ಎಸೆದ. ಮೂರನೇ ಸಲ ಬೂಟಿನ ತನಕ. ಹಿಂಗಾಲು ಎರಡೂ ಓಡಲು ತಯಾರಾಗಿ ಹಿಂದೆ, ಕತ್ತು ಮಾತ್ರ ಉದ್ದಕ್ಕೆ ಮುಂದೆ. ಮೈಯೆಲ್ಲ ನಡುಕ. ನಡುಗುತ್ತಲೇ ಮೂಸಿದ.

ಅಂಗೈ ಮೇಲೆ ಹಿಡಿಯುವಷ್ಟಿದ್ದ ಜೀವ. ಇಷ್ಟು ಹೆದರಿಕೆ ಇಟ್ಟುಕೊಂಡು ನಾನಾಗಿದ್ದರೆ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ.

"ಅಂಕಲ್, ಈಗ ಉಸಿರು ಬಿಡ್ಲಾ?" ಅಂತ ಪಿಸುಗುಟ್ಟಿದ ಕೊರಿಯರ್‌ನವನು. ಇವರು ಬಾಗಿಲ ಹಿಂದೆ ನಿಂತು ನಗು ತಡೆಯಲಾರದೆ ಒದ್ದಾಡುತ್ತಿದ್ದರು. ಯಾರಿಗಾದರೂ ಕೊಟ್ಟುಬಿಡುವ ಮಾತು ಮತ್ತೆ ಎತ್ತಿಲ್ಲ.

ಜುಲೈ 8, ಸಂಜೆ 5.40

ಮಾವ ಕೇಳಿದ ತಿಂಗಳು ನಿನ್ನೆಗೆ ಮುಗಿಯಿತು. ಇವತ್ತು ಬ್ಯಾಂಕ್ ಮೇಡಂ ಕೋಟು ತೆಗೆದುಕೊಳ್ಳಲು ಬಂದರು. ಹೊಸ್ತಿಲು ದಾಟಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಬಚ್ಚಿಟ್ಟುಕೊಂಡಿದ್ದರು.

"ಅದನ್ನ ಕಟ್ಟಿಹಾಕಿದೀರಾ?"

"ಇಲ್ಲ ಮೇಡಂ," ಅಂದರು ಮಾವ. "ನೀವು ಒಳಗೆ ಬರ್ಲೇಬೇಕು ಅಂತೇನಿಲ್ಲ. ಕೋಟು ಅಲ್ಲಿಗೇ ತಂದ್ಕೊಡ್ತೀವಿ."

ಸ್ಟೂಲನ್ನು ಎತ್ತಿ ಹೊಸ್ತಿಲಿನ ಆಚೆ ಇಟ್ಟರು. ತಿರುಗಿ ಬಂದು ಪೇಪರ್ ಹಿಡಿದು ಕೂತರು—ಮೇಡಂ ಕಡೆಗೂ ಬೆನ್ನು.

ಕೋಟು ಕೈಗೆ ಬಂದಮೇಲೂ ಮೇಡಂ ಹೋಗಲಿಲ್ಲ. ಸ್ವಲ್ಪ ಹೊತ್ತು ಹೊರಗೇ ಕೂತರು. ಆಮೇಲೆ ತಾವೇ ಸ್ಟೂಲು ಎತ್ತಿಕೊಂಡು ಒಳಗೆ ಬಂದು, ಬಾಗಿಲ ಪಕ್ಕದಲ್ಲಿಟ್ಟು ಕೂತರು. "ಎರಡು ನಿಮಿಷ ನೋಡ್ತೀನಿ," ಅಂದರು.

"ಕೆಲ್ಸ ಮಾಡ್ತಿರು," ಅಂದರು ಮಾವ ನನಗೆ. "ಮೆಷಿನ್ ಬೇಡ, ಸದ್ದು. ಏನಾದ್ರೂ ಬರಿ. ಯಾರನ್ನೂ ನೋಡ್ಬೇಡ."

ಅದಕ್ಕೇ ಬರೆಯುತ್ತಿದ್ದೇನೆ. ತಲೆ ತಗ್ಗಿಸಿ. ಪರದೆ ಸರಿದ ಸದ್ದು. ಟೈಲ್ಸ್ ಮೇಲೆ ಉಗುರು—ಟಿಕ್, ಟಿಕ್. ನಿಂತಿತು. ಮಾವ ಪೇಪರಿನ ಹಾಳೆ ತಿರುಗಿಸಿದರು, ಅವಸರವಿಲ್ಲದೆ. ಮೇಡಂ ಉಸಿರು ಇಲ್ಲಿಗೆ ಕೇಳಿಸುತ್ತಿದೆ. ಮತ್ತೆ ಟಿಕ್. ಮೂಸುವ ಸದ್ದು. ಕೋಳಿ ಚೂರು ಇವತ್ತು ಯಾರೂ ಕೊಟ್ಟಿಲ್ಲ, ಮರೆತೇಬಿಟ್ಟೆವು... ಮತ್ತೇಕೆ ಹೋದ?

ಸ್ಟೂಲು ಕಿರ್ ಅಂತು. ಮೇಡಂ ಸಣ್ಣ ದನಿಯಲ್ಲಿ, ಅಲ್ಲಾಡದೆ: "ರೀ... ಇವನು ನನ್ನ ಪಾದದ ಮೇಲೆ ತಲೆ ಇಟ್ಕೊಂಡು—"

ಮಾವ ಪೇಪರ್ ಮಡಚಿಟ್ಟರು. ಕಣ್ಣು ಒರೆಸಿಕೊಳ್ಳುತ್ತಿದ್ದಾರಾ? ನೋಡಬಾರದು ಅಂದಿದ್ದಾರೆ, ಆದರೆ ಇನ್ನು ನನ್ನಿಂದ ನೋಡದೆ ಇರಲು—