ಹನ್ನೆರಡು ಕೊಂಡಿ

ಇಳಕಲ್ಲ, ೧೨ ಫೆಬ್ರುವರಿ ೧೯೨೪, ಮಂಗಳವಾರ

ನನ್ನ ಕೋಲು ಅಮಾತೆಪ್ಪನ ಮನೆಯಲ್ಲೇ ಉಳಿಯಿತು. ಯಾರನ್ನಾದರೂ ಕಳಿಸಿ ತರಿಸಬಹುದು. ಮನಸ್ಸಿಲ್ಲ.

ಮುಂಬೈ ಕೌನ್ಸಿಲ್ಲಿಗೆ ಆರಿಸಿ ಬಂದು, ಪಕ್ಷದ ಖಜಾಂಚಿಯೂ ಆದ ಮೇಲೆ ಊರಿಗೆ ಬಂದದ್ದು ಇದೇ ಮೊದಲು. ಹಾರ, ಭಾಷಣ, ಮತ್ತೆ ಹಾರ. ಕುತ್ತಿಗೆ ಇನ್ನೂ ತುರಿಸುತ್ತಿದೆ. ಸಂಜೆ ಎಲ್ಲರಿಂದ ತಪ್ಪಿಸಿಕೊಂಡು ಅಮಾತೆಪ್ಪನಲ್ಲಿಗೆ ಹೋದೆ. ಹುಡುಗರಾಗಿದ್ದಾಗ ಅವರಪ್ಪನ ಮಗ್ಗದ ಮುಂದೆ ಇಬ್ಬರೂ ಕೂತು ಕೊಂಡಿ ಹಾಕುತ್ತಿದ್ದೆವು. ಸೀರೆಯ ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಸಿಕ್ಕಿಸುವ ಕೆಲಸ. ನನ್ನದು ಸಡಿಲಾದರೆ ಅಮಾತೆಪ್ಪ ಬೆರಳ ಮೇಲೇ ಹೊಡೆಯುತ್ತಿದ್ದ. "ಕಣ್ಣ ಎಲ್ಲಿಟ್ಟೀಲೇ?"

ಇವತ್ತೂ ಕೊಂಡಿಯನ್ನೇ ಹಾಕುತ್ತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ. ನಾನು ರುಮಾಲು ತೆಗೆದಿಟ್ಟು ಮಗ್ಗದ ಮುಂದೆ ಕೂತು ಹನ್ನೆರಡು ಕೊಂಡಿ ಹಾಕಿದೆ. ಬೆರಳು ಮರೆತಿಲ್ಲವೆಂದು ಹಿಗ್ಗಿದೆ.

"ಹೆಂಗ ಆಗ್ಯಾವೋ?"

"ಭಾಳ ಛಲೋ ಆಗ್ಯಾವ್ರಿ, ಸಾಹೇಬ್ರ."

ಚಹ ಕುಡಿದು ಹೊರಟವನಿಗೆ ಓಣಿಯ ತಿರುವಿನಲ್ಲಿ ಕೋಲು ನೆನಪಾಯಿತು. ಮರಳಿದಾಗ ಬಾಗಿಲು ತೆರೆದೇ ಇತ್ತು. ಅಮಾತೆಪ್ಪ ತಲೆ ಬಗ್ಗಿಸಿ ನನ್ನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ.

"ಅವರಿಗೇ ಹೇಳಬಾರದಿತ್ತೇನು?" ಎಂದಳು ಅವನ ಹೆಂಡತಿ.

"ಅಂಥಾ ದೊಡ್ಡವರಿಗೆ ಹೆಂಗ ಹೇಳ್ಲಿ?"

ಹೊಸ್ತಿಲು ದಾಟಲಾಗದೆ ಹಾಗೇ ಹಿಂತಿರುಗಿದೆ.

ಬೆರಳ ಮೇಲೆ ಒಂದೇ ಒಂದು ಏಟು ಕೊಟ್ಟಿದ್ದರೆ ಸಾಕಿತ್ತು. ಅಲ್ಲೇ ಕೂತು, ಹನ್ನೆರಡನ್ನೂ ನಾನೇ ಬಿಚ್ಚಿ, ಮತ್ತೆ ಅವನ ಜೊತೆ ಹಾಕುತ್ತಿದ್ದೆ.